ಅಕ್ಕಿ ಒಂದೇ, ಊಟ ಹಲವು: ಲಿನಕ್ಸ್ ವಿತರಣೆಗಳ ಚರಿತ್ರೆ

ನಮ್ಮ ತಂದೆಯವರು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದವರು. ನಿವೃತ್ತರಾಗಿ ಡೊಂಬಿವಲಿಯ ನಮ್ಮ ಮನೆಗೆ ಬಂದ ಮೇಲೆ ಸುಮ್ಮನೆ ಕೂಡಲಾರದೆ, ಮೊಮ್ಮಗನಿಂದ ಕೀಲಿಮಣೆ ಒತ್ತುವುದನ್ನು ಕಲಿತು, ತಮ್ಮ ಬಾಲ್ಯ, ಊರ ಜಾತ್ರೆ, ಶಾಲೆಯ ದಿನಗಳ ನೆನಪುಗಳನ್ನು ‘ನುಡಿ’ ತಂತ್ರಾಂಶದಲ್ಲಿ ಬರೆದಿಟ್ಟರು. ಇನ್ನೂರು ಪುಟಗಳಾದವು. ಅದನ್ನು ಪುಸ್ತಕ ಮಾಡಬೇಕೆಂದು ನಾವೆಲ್ಲ ಮಾತಾಡಿಕೊಳ್ಳುತ್ತಿರುವಾಗಲೇ ಅವರು ತೀರಿಕೊಂಡರು. ಆ ಇನ್ನೂರು ಪುಟಗಳು ಮನೆಯ ಗಣಕಯಂತ್ರದಲ್ಲಿಯೇ ಉಳಿದವು.

ಆ ಯಂತ್ರವನ್ನು ಕೊಂಡದ್ದು 2014ರಲ್ಲಿ. ಇಂದಿಗೂ ಅದಕ್ಕೆ ಯಾವ ರೋಗವೂ ಇಲ್ಲ. ಆದರೆ ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಮುಂದಿನ ವಿಂಡೋಸ್ 11, ಸುಮಾರು 2017-18ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳನ್ನು ಒಪ್ಪುವುದಿಲ್ಲ. ಈ ಗಡುವು ಮೊದಲೇ ಪ್ರಕಟವಾಗಿದ್ದುದರಿಂದ 2023ರಲ್ಲಿಯೇ ನಾನು ರಿಪೇರಿ ಅಂಗಡಿಯಲ್ಲಿ ವಿಚಾರಿಸಿದೆ. “ಗುಜರಿಗೆ ಹಾಕಿ, ಹೊಸದು ತಗೊಳ್ಳಿ ಸಾಹೇಬರೇ” ಎಂಬ ಉತ್ತರ ಬಂತು. ಮಗ ಮಾತ್ರ “ಅಪ್ಪಾ, ಲಿನಕ್ಸ್ ಹಾಕೋಣ” ಎಂದ.

ಯಾವ ಲಿನಕ್ಸ್ ಎಂದು ಕೇಳಿದರೆ ಹತ್ತಾರಲ್ಲ, ನೂರಾರು ಹೆಸರುಗಳು. ತಂದೆ-ಮಗ ಇಬ್ಬರೂ ಕೂಡಿ, ಪರದೆಯ ಮೇಲೆ ಬಹಳ ಚೆಂದ ಕಾಣುತ್ತಿದ್ದ ಒಂದನ್ನು ಆರಿಸಿದೆವು. ಎಂಟು ತಿಂಗಳಿನಲ್ಲಿ ಅದಕ್ಕೆ ದುರಸ್ತಿಗಳು ಬರುವುದು ನಿಂತಿತು. ಅದನ್ನು ಮಾಡುತ್ತಿದ್ದವರು ಒಬ್ಬಿಬ್ಬರು. ಅವರಿಗೆ ಬೇರೆ ಕೆಲಸ ಸಿಕ್ಕಿತ್ತೋ ಏನೋ. “ಅಪ್ಪಾ, ಇದನ್ನ ನೋಡಿಕೊಳ್ಳೋರು ಯಾರಂತ ನಾವು ಕೇಳಲೇ ಇಲ್ಲಲ್ಲ” ಎಂದ ಮಗ.

ಆ ಒಂದು ಮಾತಿನ ಬೆನ್ನು ಹತ್ತಿ ನಾನು ಲಿನಕ್ಸ್ ವಿತರಣೆಗಳ ಚರಿತ್ರೆಯನ್ನು ಓದತೊಡಗಿದೆ. ಅದು ಯಂತ್ರಗಳ ಚರಿತ್ರೆಯೆಂದುಕೊಂಡಿದ್ದೆ. ನೋಡಿದರೆ ಮನೆವಾರ್ತೆಯ ಚರಿತ್ರೆ. ಹಳೆಯ ಗಣಕವೊಂದು ಮನೆಯ ಮೂಲೆಯಲ್ಲಿರುವ ವಾಚಕರಿಗೆ ಇದರಿಂದ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕಿ ಬಂದ ಬಗೆ

ಮೊದಲು ಒಂದು ಗೊಂದಲವನ್ನು ತಿಳಿಮಾಡಿಕೊಳ್ಳಬೇಕು. ನಾವು ಲಿನಕ್ಸ್ ಎಂದು ಕರೆಯುವುದು ನಿಜಕ್ಕೂ ಒಂದು ತಿರುಳು ಮಾತ್ರ. ತಂತ್ರಜ್ಞರು ಅದನ್ನು ಕರ್ನೆಲ್ ಎನ್ನುತ್ತಾರೆ. ಯಂತ್ರದ ಸ್ಮೃತಿ, ಡಿಸ್ಕು, ಕೀಲಿಮಣೆ, ಪರದೆ ಇವುಗಳನ್ನೆಲ್ಲ ಹಿಡಿತದಲ್ಲಿಟ್ಟುಕೊಂಡು ಬೇರೆ ತಂತ್ರಾಂಶಗಳಿಗೆ ಹಂಚಿಕೊಡುವುದು ಅದರ ಕೆಲಸ. ತಿರುಳೊಂದೇ ಇದ್ದರೆ ಒಂದು ಕಾಗದವನ್ನೂ ಬರೆಯಲಾಗದು. ಮಾಟುಂಗಾದ ಯಾವ ಊಟದ ಮನೆಗೆ ಹೋದರೂ ಅಕ್ಕಿ ಅಕ್ಕಿಯೇ. ಆದರೆ ಬರಿಯ ಅಕ್ಕಿ ತಿನ್ನಲು ಬರುವುದಿಲ್ಲ. ಅನ್ನ, ಹುಳಿ, ಪಲ್ಯ, ಉಪ್ಪಿನಕಾಯಿ ಎಲ್ಲ ಸೇರಿ ಎಲೆಗೆ ಬಂದಾಗಲೇ ಊಟ. ತಿರುಳಿನ ಸುತ್ತ ಬೇಕಾದ ಸಾವಿರಾರು ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದುವಂತೆ ಜೋಡಿಸಿ ಬಡಿಸುವುದೇ ವಿತರಣೆ. ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಇವೆಲ್ಲ ಊಟದ ಮನೆಗಳ ಹೆಸರುಗಳು.

ಅಕ್ಕಿಗಿಂತ ಮೊದಲೇ ಪಲ್ಯ ಸಿದ್ಧವಾಗಿತ್ತೆಂಬುದು ಈ ಕಥೆಯ ಒಂದು ಸೋಜಿಗ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರ ಸೆಪ್ಟೆಂಬರಿನಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಸಾರಿದರು. ಯಾರು ಬೇಕಾದರೂ ಬಳಸಲು, ತಿದ್ದಲು, ಹಂಚಲು ಸ್ವತಂತ್ರವಾದ ಒಂದು ಇಡೀ ವ್ಯವಸ್ಥೆಯನ್ನು ಕಟ್ಟುವುದು ಅವರ ಸಂಕಲ್ಪ. 1990ರ ಹೊತ್ತಿಗೆ ಬಹುತೇಕ ಉಪಕರಣಗಳು ಸಿದ್ಧವಾಗಿದ್ದವು. ತಿರುಳು ಮಾತ್ರ ಆಗಿರಲಿಲ್ಲ. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಪ್ರಕಟಿಸಿದ. ಅವನು ಬರೆದದ್ದು ಆ ಇಲ್ಲದಿದ್ದ ತಿರುಳು.

ಆರಂಭದಲ್ಲಿ ಅವನು ಹಾಕಿದ್ದ ನಿಯಮದಂತೆ ಲಿನಕ್ಸನ್ನು ಹಣಕ್ಕೆ ಹಂಚುವಂತಿರಲಿಲ್ಲ. ಫ್ಲಾಪಿಗೆ ತಗಲುವ ಖರ್ಚನ್ನು ಕೂಡ ಕೇಳುವಂತಿಲ್ಲವೆಂದರೆ ಹಂಚುವವರು ಯಾರು? 1992ರಲ್ಲಿ ಅವನು ಗ್ನೂ ಯೋಜನೆಯ ಸಾರ್ವಜನಿಕ ಪರವಾನಗಿಯನ್ನು ಒಪ್ಪಿಕೊಂಡ. ಹಣ ಪಡೆದು ಹಂಚಿದರೂ ಸರಿ, ಆದರೆ ಪಡೆದವನಿಗೆ ಮೂಲ ಬರಹವನ್ನೂ ಮತ್ತೆ ಹಂಚುವ ಹಕ್ಕನ್ನೂ ಕೊಡಲೇಬೇಕು ಎಂಬುದು ಅದರ ಸಾರ. ಊಟದ ಮನೆಗಳ ಬಾಗಿಲು ತೆರೆದದ್ದು ಈ ಒಂದು ನಿರ್ಧಾರದಿಂದ.

ಮೊದಲ ಊಟದ ಮನೆಗಳು

1992ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಣಕ ಕೇಂದ್ರದ ಓವೆನ್ ಲ ಬ್ಲಾಂಕ್ ಎಂಬವರು ‘ಎಂಸಿಸಿ ಇಂಟರಿಮ್’ ಎಂಬ ಜೋಡಣೆಯನ್ನು ಹೊರತಂದರು. ಅದೇ ವರ್ಷ ಪೀಟರ್ ಮ್ಯಾಕ್‌ಡೊನಾಲ್ಡ್ ಎಂಬವರ ‘ಎಸ್‌ಎಲ್‌ಎಸ್’ ಬಂದು ಬೇಗನೆ ಜನಪ್ರಿಯವಾಯಿತು. ಆದರೆ ಅದು ದೋಷಗಳ ಗೂಡು. ಬಂದ ದೂರುಗಳನ್ನು ಸರಿಪಡಿಸುವ ಏರ್ಪಾಡು ಸರಿಯಾಗಿರಲಿಲ್ಲ. ಮುಂದಿನ ಮೂವತ್ತು ವರ್ಷಗಳ ಚರಿತ್ರೆಯೆಲ್ಲ ಆ ಕೊರತೆಗೆ ಬೇರೆಬೇರೆಯವರು ಕೊಟ್ಟ ಉತ್ತರವೆಂದರೆ ತಪ್ಪಾಗದು.

ಮೊದಲ ಉತ್ತರ ಅಮೆರಿಕದ ಮಿನ್ನೆಸೋಟಾ ರಾಜ್ಯದ ವಿದ್ಯಾರ್ಥಿ ಪ್ಯಾಟ್ರಿಕ್ ವೊಲ್ಕರ್ಡಿಂಗ್ ಅವರದು. ಎಸ್‌ಎಲ್‌ಎಸ್‌ನ ದೋಷಗಳನ್ನು ತಿದ್ದಿ, 1993ರ ಜುಲೈ 17ರಂದು ‘ಸ್ಲ್ಯಾಕ್‌ವೇರ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಇಂದಿಗೂ ಅದು ನಡೆಯುತ್ತಿದೆ. ಬದುಕಿರುವ ವಿತರಣೆಗಳಲ್ಲಿ ಅದೇ ಹಿರಿಯದು, ಇಂದಿಗೂ ಅವರೇ ಅದರ ಯಜಮಾನರು. ಇದು ಒಬ್ಬರ ಕೈಯಡಿಗೆ. ರುಚಿ ಕೆಡುವುದಿಲ್ಲ, ಆದರೆ ಅಡಿಗೆಯವರಿಗೆ ಬಿಡುವಿಲ್ಲದಿದ್ದರೆ ಎಲೆ ಕಾಯುತ್ತದೆ. 2016ರಲ್ಲಿ ಬಂದ 14.2ನೆಯ ಆವೃತ್ತಿಯ ನಂತರ 15ನೆಯದು ಬಂದದ್ದು 2022ರ ಫೆಬ್ರವರಿಯಲ್ಲಿ.

ಎರಡನೆಯ ಉತ್ತರ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಅವರದು. 1993ರ ಆಗಸ್ಟ್ 16ರಂದು ಅವರು ‘ಡೆಬಿಯನ್’ ಯೋಜನೆಯನ್ನು ಪ್ರಕಟಿಸಿದರು. ತಮ್ಮ ಹೆಸರಿಗೆ ಆಗಿನ ಗೆಳತಿ ಡೆಬ್ರಾ ಅವರ ಹೆಸರನ್ನು ಸೇರಿಸಿ ಮಾಡಿದ ಹೆಸರದು. ಅವರು ಬರೆದ ಪ್ರಣಾಳಿಕೆಯ ಒಂದು ವಿಚಾರ ಇಂದಿಗೂ ಮನನೀಯ. ವಿತರಣೆಯೊಂದನ್ನು ಹೊಸದಾಗಿ ಕಟ್ಟುವುದರಲ್ಲಿ ಉತ್ಸಾಹವಿರುತ್ತದೆ. ಅದನ್ನು ದಿನದಿನವೂ ಚೊಕ್ಕಟವಾಗಿ ಇಟ್ಟುಕೊಳ್ಳುವುದರಲ್ಲಿ ಹೊಗಳಿಕೆಯಿಲ್ಲ. ಆದ್ದರಿಂದಲೇ ಚೆನ್ನಾಗಿ ಆರಂಭವಾದವು ಕ್ರಮೇಣ ಹದಗೆಡುತ್ತವೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ, ಕೆಲಸವನ್ನು ಹಂಚಿಬಿಡುವುದು. ಒಂದೊಂದು ತಂತ್ರಾಂಶದ ಕಟ್ಟಿಗೂ, ಅಂದರೆ ಪ್ಯಾಕೇಜಿಗೂ, ಒಬ್ಬ ಪಾಲಕ. ದೂರು ಬಂದರೆ ಉತ್ತರ ಹೇಳಬೇಕಾದವನು ಅವನು.

ಇದನ್ನು ಓದಿದಾಗ ನನಗೆ ನಮ್ಮ ಸಂಘಗಳೇ ನೆನಪಾದವು. ಡೆಬಿಯನ್‌ಗೆ ಮಾಲೀಕರಿಲ್ಲ. 1997ರಲ್ಲಿ ಅದು ಬಳಕೆದಾರರಿಗೆ ತನ್ನ ಕರ್ತವ್ಯಗಳೇನೆಂಬ ‘ಸಾಮಾಜಿಕ ಒಪ್ಪಂದ’ವನ್ನು ಬರೆದುಕೊಂಡಿತು, 1998ರಲ್ಲಿ ಒಂದು ಸಂವಿಧಾನವನ್ನು ಅಂಗೀಕರಿಸಿತು. ಪ್ರತಿ ವರ್ಷ ಸದಸ್ಯರು ಮತ ಹಾಕಿ ನಾಯಕರನ್ನು ಆರಿಸುತ್ತಾರೆ. ಮರ್ಡಾಕ್ ಅವರು ನಾಯಕತ್ವವನ್ನು 1996ರಲ್ಲಿಯೇ ಬಿಟ್ಟುಕೊಟ್ಟಿದ್ದರು. 2015ರ ಡಿಸೆಂಬರಿನಲ್ಲಿ ಅವರು 42ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅದರ ವಾರ್ಷಿಕ ಸಮ್ಮೇಳನ ನಮ್ಮ ಕೊಚ್ಚಿಯಲ್ಲಿಯೇ ನಡೆಯಿತು. 2025ರ ಆಗಸ್ಟ್ 9ರಂದು ಬಂದ ಅದರ 13ನೆಯ ಆವೃತ್ತಿಯಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ.

ಮೂರನೆಯ ಉತ್ತರ ವ್ಯಾಪಾರದ್ದು. ಮಾರ್ಕ್ ಈವಿಂಗ್ ಅವರು 1994ರಲ್ಲಿ ‘ರೆಡ್ ಹ್ಯಾಟ್’ ಲಿನಕ್ಸನ್ನು ಹೊರತಂದರು. 1995ರಲ್ಲಿ ಬಾಬ್ ಯಂಗ್ ಅವರೊಡನೆ ಸೇರಿ ಕಂಪನಿಯಾಗಿ ಬೆಳೆಸಿದರು. ಸಂಬಳ ಪಡೆದು ದುರಸ್ತಿ ಮಾಡುವ ಕೆಲಸಗಾರರು ಇದ್ದಾರೆಂಬುದು ಇದರ ಬಲ. ಜರ್ಮನಿಯ ‘ಸೂಸೆ’ ಕೂಡ ಇದೇ ಹಾದಿ ಹಿಡಿಯಿತು.

ಒಬ್ಬ ಯಜಮಾನ, ಒಂದು ಸಂಘ, ಒಂದು ಕಂಪನಿ. ಇಂದು ನೂರಾರು ಹೆಸರುಗಳಿದ್ದರೂ ನೋಡಿಕೊಳ್ಳುವ ಬಗೆ ಮಾತ್ರ ಈ ಮೂರೇ, ಇಲ್ಲವೇ ಇವುಗಳ ಬೆರಕೆ.

ಕಗ್ಗಂಟು ಬಿಡಿಸಿದ ಉಪಾಯ

ಆರಂಭದ ವರ್ಷಗಳಲ್ಲಿ ಒಂದು ತಂತ್ರಾಂಶವನ್ನು ಹಾಕಲು ಹೋದರೆ ಅದು ಇನ್ನೊಂದನ್ನು ಕೇಳುತ್ತಿತ್ತು. ಆ ಇನ್ನೊಂದು ಮತ್ತೆರಡನ್ನು ಕೇಳುತ್ತಿತ್ತು. ಎರಡು ತಂತ್ರಾಂಶಗಳು ಒಂದೇ ಉಪಾಂಗದ ಬೇರೆಬೇರೆ ಆವೃತ್ತಿಗಳನ್ನು ಕೇಳಿದರಂತೂ ದೇವರೇ ಗತಿ. ಡೆಬಿಯನ್‌ನವರು ಪ್ರತಿ ಪ್ಯಾಕೇಜಿನ ಮೇಲೆ ಅದಕ್ಕೆ ಏನೇನು ಬೇಕೆಂಬ ಚೀಟಿ ಅಂಟಿಸುವ ಪದ್ಧತಿ ಇಟ್ಟುಕೊಂಡಿದ್ದರು. 1999ರ ಮಾರ್ಚಿನ 2.1ನೆಯ ಆವೃತ್ತಿಯೊಡನೆ ‘ಆಪ್ಟ್’ ಎಂಬ ಸಾಧನ ಬಂತು. ಬೇಕಾದ ತಂತ್ರಾಂಶದ ಹೆಸರು ಹೇಳಿದರೆ ಸಾಕು; ಅದು ಚೀಟಿಗಳನ್ನೆಲ್ಲ ಓದಿ, ಬೇಕಾದ ಎಲ್ಲವನ್ನೂ ಉಗ್ರಾಣದಿಂದ ತಾನೇ ತಂದು ಜೋಡಿಸುತ್ತದೆ. ದುರಸ್ತಿ ಬಂದರೂ ಹಾಗೆಯೇ. ಒಂದೇ ಅಪ್ಪಣೆಗೆ ಇಡೀ ಮನೆಯ ದುರಸ್ತಿಯಾಗುತ್ತದೆ. ಇಂದು ಮೊಬೈಲಿನಲ್ಲಿ ನಾವು ಬಳಸುವ ಅಂಗಡಿಗಳ ಕಲ್ಪನೆ ಇಲ್ಲಿ ಮೊದಲೇ ಇತ್ತು.

ಅದೇ ಕಾಲದಲ್ಲಿ ಸಾಮಾನ್ಯರಿಗೂ ಹಿಡಿಸುವ ಕಿಟಕಿಗಳು ಬಂದವು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಯೋಜನೆಗಳು ಆರಂಭವಾದವು. ನಮ್ಮ ದೇಶದಲ್ಲಿ ಇಂಟರ್ನೆಟ್ಟು ಇನ್ನೂ ಟೆಲಿಫೋನ್ ತಂತಿಯ ಮೇಲೆ ತೆವಳುತ್ತಿದ್ದ ದಿನಗಳವು. ಗಣಕ ಮಾಸಪತ್ರಿಕೆಗಳ ಜೊತೆಗೆ ಉಚಿತವಾಗಿ ಬರುತ್ತಿದ್ದ ಸಿ.ಡಿ.ಗಳಿಂದಲೇ ಎಷ್ಟೋ ಜನ ಲಿನಕ್ಸನ್ನು ಮೊದಲು ಕಂಡದ್ದು. ಪಿಸಿಕ್ವೆಸ್ಟ್ ಪತ್ರಿಕೆ ತನ್ನದೇ ಹೆಸರಿನ ಲಿನಕ್ಸನ್ನು ಹೊರತಂದಿತ್ತು.

ಬಾಗಿಲು ಹಾಕಿದ ಮನೆಗಳು

ಫ್ರಾನ್ಸಿನ ಗೇಲ್ ಡುವಾಲ್ ಅವರು 1998ರಲ್ಲಿ ರೆಡ್ ಹ್ಯಾಟಿಗೆ ಕೆಡಿಇ ಕಿಟಕಿಯನ್ನು ಹೊಂದಿಸಿ ‘ಮ್ಯಾಂಡ್ರೇಕ್’ ಹೊರತಂದರು. ಹೊಸಬರಿಗೆ ಇಷ್ಟು ಸುಲಭವಾದುದು ಆಗ ಬೇರೆ ಇರಲಿಲ್ಲ. ಆದರೆ ಕಂಪನಿಗೆ ಹಣದ ಮುಗ್ಗಟ್ಟು ಮೇಲಿಂದ ಮೇಲೆ ಬಂತು. 2005ರಲ್ಲಿ ಹೆಸರು ‘ಮ್ಯಾಂಡ್ರಿವಾ’ ಎಂದಾಯಿತು. 2015ರಲ್ಲಿ ಕಂಪನಿ ಮುಚ್ಚಿತು. ಆದರೆ ಪಾತ್ರೆಗಳನ್ನು ಹರಾಜು ಹಾಕಲಾಗಲಿಲ್ಲ! ಪರವಾನಗಿಯ ಬಲದಿಂದ 2010ರಲ್ಲಿಯೇ ಕೆಲಸಗಾರರು ಮತ್ತು ಬಳಕೆದಾರರು ಸೇರಿ ‘ಮಜೆಯಾ’ ಎಂಬ ಹೊಸ ಸಂಘವನ್ನು ಕಟ್ಟಿಕೊಂಡು ಅದೇ ಅಡಿಗೆಯನ್ನು ಮುಂದುವರಿಸಿದ್ದರು.

ರೆಡ್ ಹ್ಯಾಟ್ ಮುಚ್ಚಲಿಲ್ಲ, ಬೆಳೆಯಿತು. ಆದರೆ ಮನೆಬಳಕೆಯವರ ಪಂಕ್ತಿಯನ್ನು ಎತ್ತಿಬಿಟ್ಟಿತು. 2003ರ 9ನೆಯ ಆವೃತ್ತಿಯೇ ಹಳೆಯ ರೆಡ್ ಹ್ಯಾಟ್ ಲಿನಕ್ಸಿನ ಕೊನೆಯದು. ಮುಂದೆ ಹಣ ಕೊಡುವ ಸಂಸ್ಥೆಗಳಿಗೆ ಬೇರೆ ಆವೃತ್ತಿ. ಉಳಿದವರಿಗೆ ಅದೇ ವರ್ಷ ನವೆಂಬರಿನಲ್ಲಿ ಆರಂಭವಾದ ‘ಫೆಡೋರಾ’. ಫೆಡೋರಾ ಉತ್ತಮವಾದುದೇ. ಆದರೆ ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ದುರಸ್ತಿ; ವರ್ಷಕ್ಕೊಮ್ಮೆಯಾದರೂ ಮನೆ ಬದಲಿಸುವ ಉಮೇದು ಇರಬೇಕು. ಸಂಸ್ಥೆಗಳ ಆವೃತ್ತಿಯ ಮೂಲವನ್ನೇ ಹಿಡಿದು ಸ್ವಯಂಸೇವಕರು 2004ರಿಂದ ನಡೆಸಿಕೊಂಡು ಬಂದ ‘ಸೆಂಟ್‌ಓಎಸ್’ ಮುಂದೆ ಆ ಕಂಪನಿಯ ಆಶ್ರಯಕ್ಕೇ ಬಂತು. ಅದರ 8ನೆಯ ಆವೃತ್ತಿಗೆ 2029ರವರೆಗೆ ದುರಸ್ತಿಯ ಭರವಸೆ ಇತ್ತು. 2020ರ ಡಿಸೆಂಬರಿನಲ್ಲಿ ಅದನ್ನು 2021ರ ಕೊನೆಗೆ ಮೊಟಕು ಮಾಡಲಾಯಿತು. ಅದರಿಂದ ‘ರಾಕಿ’, ‘ಆಲ್ಮಾ’ ಎಂಬ ಹೊಸ ವಿತರಣೆಗಳು ಹುಟ್ಟಿದವು.

ಸಂಘಗಳಿಗೂ ತಮ್ಮ ಕಷ್ಟವುಂಟು; ನಮಗದು ಹೇಳಿಕೊಡಬೇಕಾದದ್ದಲ್ಲ. ಎಲ್ಲರೂ ಒಪ್ಪುವತನಕ ಕೆಲಸ ಮುಂದೆ ಹೋಗುವುದಿಲ್ಲ. 2002ರ ಜುಲೈನಲ್ಲಿ ಒಂದು ಸ್ಥಿರ ಆವೃತ್ತಿ ಕೊಟ್ಟ ಡೆಬಿಯನ್, ಮುಂದಿನದನ್ನು ಕೊಟ್ಟದ್ದು 2005ರ ಜೂನ್‌ನಲ್ಲಿ.

ಆ ಬಿಡುವಿನಲ್ಲಿ ಬಂದದ್ದು ‘ಉಬುಂಟು’. ದಕ್ಷಿಣ ಆಫ್ರಿಕದ ಉದ್ಯಮಿ ಮಾರ್ಕ್ ಶಟಲ್‌ವರ್ತ್ ತಮ್ಮ ಹಣ ಹಾಕಿ, ಡೆಬಿಯನ್‌ನ ಉಗ್ರಾಣವನ್ನೇ ಆಧಾರವಾಗಿ ಇಟ್ಟುಕೊಂಡು, ಆರು ತಿಂಗಳಿಗೊಮ್ಮೆ ತಪ್ಪದೆ ಆವೃತ್ತಿ ಕೊಡುವುದಾಗಿ ಹೇಳಿ, 2004ರ ಅಕ್ಟೋಬರ್ 20ರಂದು ಮೊದಲನೆಯದನ್ನು ಕೊಟ್ಟರು. ಕೇಳಿದವರ ಮನೆಗೆ ಸಿ.ಡಿ.ಯನ್ನು ಅಂಚೆಯಲ್ಲಿ ಪುಕ್ಕಟೆಯಾಗಿ ಕಳುಹಿಸುವ ಏರ್ಪಾಡು 2011ರವರೆಗೆ ಇತ್ತು. 2006ರಿಂದ ಕೆಲವು ಆವೃತ್ತಿಗಳಿಗೆ ದೀರ್ಘಾವಧಿ ದುರಸ್ತಿಯ ಮಾತು ಕೊಟ್ಟರು. 2012ರಿಂದ ಅದು ಮನೆಬಳಕೆಗೂ ಐದು ವರ್ಷ. ಮೊದಲ ದಿನವೇ “ಇಷ್ಟು ವರ್ಷ ನೋಡಿಕೊಳ್ಳುತ್ತೇವೆ” ಎಂದು ತಾರೀಕು ಹೇಳಿಬಿಡುವುದು ಸಾಮಾನ್ಯ ಬಳಕೆದಾರನಿಗೆ ದೊಡ್ಡ ಉಪಕಾರವಾಯಿತು.

ಆದರೂ ಯಜಮಾನನ ಮನೆ ಯಜಮಾನನದೇ. 2011ರಲ್ಲಿ ಉಬುಂಟು ತನ್ನದೇ ಆದ ‘ಯೂನಿಟಿ’ ಕಿಟಕಿಯನ್ನು ಎಲ್ಲರ ಮುಂದಿಟ್ಟಿತು. 2017ರಲ್ಲಿ ಅದನ್ನು ಕೈಬಿಟ್ಟಿತು. 2012ರ ಅಕ್ಟೋಬರಿನ ಆವೃತ್ತಿಯಲ್ಲಿ, ನಾವು ನಮ್ಮ ಕಡತ ಹುಡುಕಲು ಟೈಪು ಮಾಡಿದ ಪದಗಳೂ ಹೊರಗೆ ಹೋಗಿ ಅಮೆಜಾನಿನ ಸರಕುಗಳ ಪಟ್ಟಿಯನ್ನು ತರುವಂತೆ ಮಾಡಿದ್ದರು. ಬಹಳ ಟೀಕೆಯಾಯಿತು, 2016ರ ಆವೃತ್ತಿಯಲ್ಲಿ ಅದನ್ನು ತಾನಾಗಿ ನಡೆಯದಂತೆ ಆರಿಸಿಟ್ಟರು.

ಹೀಗೆ ಬೇಸತ್ತ ಹಲವರನ್ನು ಸೆಳೆದದ್ದು ‘ಲಿನಕ್ಸ್ ಮಿಂಟ್’. ಕ್ಲೆಮಾಂ ಲೆಫೆಬ್ವ್ರ ಎಂಬವರು 2006ರಲ್ಲಿ ಆರಂಭಿಸಿದ ಇದು ಉಬುಂಟುವಿನ ಅಡಿಪಾಯದ ಮೇಲೆ ಹಳೆಯ ರೀತಿಯ, ಕೆಳಗೆ ಪಟ್ಟಿಯೂ ಮೂಲೆಯಲ್ಲಿ ಗುಂಡಿಯೂ ಇರುವ ಕಿಟಕಿಯನ್ನು ಕೊಡುತ್ತದೆ. ಇವರ ಇನ್ನೊಂದು ದೂರದೃಷ್ಟಿ ನನಗೆ ಹಿಡಿಸಿತು. ಉಬುಂಟು ಒಂದು ವೇಳೆ ಇಲ್ಲವಾದರೆ ಏನು ಗತಿ ಎಂದು ಯೋಚಿಸಿ, ನೇರವಾಗಿ ಡೆಬಿಯನ್ ಮೇಲೆಯೇ ನಿಲ್ಲುವ ಇನ್ನೊಂದು ಆವೃತ್ತಿಯನ್ನೂ ಜೊತೆಜೊತೆಗೆ ನಡೆಸಿಕೊಂಡು ಬಂದಿದ್ದಾರೆ.

ಪಾಲಕರು ದಣಿದಾಗ

ನೋಡಿಕೊಳ್ಳುವವರು ಇದ್ದರೆ ಸಾಲದು. ಅವರ ಕೈ ತಪ್ಪಲೂಬಹುದು. 2006ರಲ್ಲಿ ಡೆಬಿಯನ್‌ನ ಪಾಲಕರೊಬ್ಬರು, ಗುಪ್ತ ಕೀಲಿಗಳನ್ನು ತಯಾರಿಸುವ ತಂತ್ರಾಂಶದಲ್ಲಿ ಎಚ್ಚರಿಕೆ ಸಂದೇಶ ಬರಿಸುತ್ತಿದ್ದ ಸಾಲನ್ನು ಸದುದ್ದೇಶದಿಂದಲೇ ತೆಗೆದರು. ಅದರಿಂದ ಕೀಲಿಗಳ ಯಾದೃಚ್ಛಿಕತೆ ಹೋಗಿ, ಒಂದೊಂದು ಬಗೆಯಲ್ಲಿ 32,768 ಕೀಲಿಗಳಷ್ಟೇ ಸಾಧ್ಯವಾದವು. ಕಳ್ಳನಿಗೆ ಅಷ್ಟು ಕೀಲಿಗಳನ್ನು ಒಂದೊಂದಾಗಿ ತಿರುವಿ ನೋಡುವುದು ಕಷ್ಟವಲ್ಲ. ದೋಷ ಹೊರಬಿದ್ದದ್ದು 2008ರ ಮೇ 13ರಂದು. ಆ ದಿನವೇ ದುರಸ್ತಿಯೂ ಬಂತು. ಆದರೆ ಹಳೆಯ ಕೀಲಿಗಳನ್ನೆಲ್ಲ ಜನ ಬದಲಿಸಿಕೊಳ್ಳಬೇಕಾಯಿತು.

ಇನ್ನೊಂದು ಪ್ರಸಂಗ ಇನ್ನೂ ಗಂಭೀರವಾದದ್ದು. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶವೊಂದಿದೆ. ಬಹುತೇಕ ಎಲ್ಲ ವಿತರಣೆಗಳೂ ಅದನ್ನು ಬಳಸುತ್ತವೆ. ನೋಡಿಕೊಳ್ಳುತ್ತಿದ್ದವರು ಮಾತ್ರ ಒಬ್ಬರೇ, ಸಂಬಳವಿಲ್ಲದೆ. ಅವರು ದಣಿದಿದ್ದ ಹೊತ್ತಿನಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ಸಹಾಯಕ್ಕೆ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿ ದುಡಿದು ನಂಬಿಕೆ ಗಳಿಸಿ, 2024ರ ಆರಂಭದ ಆವೃತ್ತಿಗಳಲ್ಲಿ ಒಂದು ಕಳ್ಳಬಾಗಿಲನ್ನು ಸೇರಿಸಿಬಿಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರಿಗೆ ತಮ್ಮ ಯಂತ್ರವೊಂದಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡು ತಡವಾಗುತ್ತಿರುವುದು ಕಂಡು ಸಂಶಯ ಬಂತು. ಬೆನ್ನುಹತ್ತಿ ನೋಡಿ 2024ರ ಮಾರ್ಚ್ 29ರಂದು ಅವರು ಜಗತ್ತಿಗೆ ತಿಳಿಸಿದರು. ಅರ್ಧ ಸೆಕೆಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಒಬ್ಬ ಮನುಷ್ಯನಿಂದ ದೊಡ್ಡ ಅನಾಹುತ ತಪ್ಪಿತು.

ಆ ವಿಷ ಯಾರ ಮನೆಗೆ ತಲುಪಿತ್ತೆಂಬುದನ್ನು ಗಮನಿಸಬೇಕು. ಹೊಸದನ್ನು ಕೂಡಲೇ ಬಡಿಸುವ, ನಿರಂತರ ಹರಿಯುವ ವಿತರಣೆಗಳಿಗೂ, ಡೆಬಿಯನ್ ಹಾಗೂ ಫೆಡೋರಾಗಳ ಪರೀಕ್ಷಾ ಶಾಖೆಗಳಿಗೂ ಆ ಆವೃತ್ತಿಗಳು ಹೋಗಿದ್ದವು. ಡೆಬಿಯನ್‌ನ ಸ್ಥಿರ ಶಾಖೆಗೆ ಬಂದಿರಲಿಲ್ಲ. ಸ್ಥಿರವೆಂದರೆ ದುರಸ್ತಿಯಿಲ್ಲದ್ದು ಎಂದು ಕೆಲವರು ತಿಳಿಯುತ್ತಾರೆ, ಅದು ತಪ್ಪು. ಅಲ್ಲಿ ತಂತ್ರಾಂಶದ ಆವೃತ್ತಿಯನ್ನು ಹಾಗೆಯೇ ಇಟ್ಟು, ಭದ್ರತೆಯ ತೇಪೆಯನ್ನು ಮಾತ್ರ ಹಳೆಯದಕ್ಕೆ ಹೊಂದಿಸಿ ಹೊಲಿಯುತ್ತಾರೆ. 2002ರಲ್ಲಿ ಆರಂಭವಾದ ‘ಆರ್ಚ್’ನಂಥ ಹರಿಯುವ ವಿತರಣೆಗಳು ಕಲಿಯುವವರಿಗೆ ಒಳ್ಳೆಯ ಪಾಠಶಾಲೆಗಳು. ಅಪ್ಪನ ಬರಹ ಇರುವ ಯಂತ್ರಕ್ಕೆ ನನಗೆ ಬೇಕಾದದ್ದು ಪಾಠಶಾಲೆಯಲ್ಲ, ಪೆಟ್ಟಿಗೆ.

ಕನ್ನಡದ ಪಂಕ್ತಿ

ಈ ಊಟದ ಮನೆಗಳಲ್ಲಿ ಕನ್ನಡಕ್ಕೆ ಎಲೆ ಹಾಕಿದ್ದಾರೆಯೇ? ಹಾಕಿದ್ದಾರೆ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದರು. ರೆಡ್ ಹ್ಯಾಟ್ 2004ರಲ್ಲಿ ಮುಕ್ತವಾಗಿ ಬಿಟ್ಟ ‘ಲೋಹಿತ್’ ಅಕ್ಷರಗಳಲ್ಲಿ ಕನ್ನಡವೂ ಉಂಟು. ಡೆಬಿಯನ್ ಉಗ್ರಾಣದಲ್ಲಿ ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಎಂಬ ಕನ್ನಡದ ಅಕ್ಷರಗಳು ಕೇಳಿದೊಡನೆ ಸಿಗುತ್ತವೆ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿಯೇ ಪಟ್ಟಿಯಲ್ಲಿದೆ. ಡೆಬಿಯನ್ ಆಧಾರದ ಮೇಲೆ ಸಿ-ಡ್ಯಾಕ್‌ನ ಚೆನ್ನೈ ಕೇಂದ್ರ 2007ರಲ್ಲಿ ಹೊರತಂದ ‘ಬಾಸ್’ ವಿತರಣೆಯೂ ಭಾರತೀಯ ಭಾಷೆಗಳನ್ನು ಮುಂದಿಟ್ಟುಕೊಂಡೇ ಬಂದದ್ದು.

ಆದರೆ ಇಲ್ಲಿಯೂ ಅದೇ ಮಾತು. ಹೊಸ ಆವೃತ್ತಿ ಬಂದಾಗಲೆಲ್ಲ ಪರದೆಯ ಮೇಲೆ ಹೊಸ ವಾಕ್ಯಗಳು ಬರುತ್ತವೆ. ಅನುವಾದಿಸುವವರು ಸುಮ್ಮನಾದರೆ ಕನ್ನಡದ ನಡುನಡುವೆ ಇಂಗ್ಲಿಷ್ ಸಾಲುಗಳು ತಲೆಹಾಕುತ್ತವೆ. ಯಾರೂ ಕನ್ನಡವನ್ನು ಹೊರಗೆ ಹಾಕಿದ್ದಲ್ಲ. ಬಡಿಸುವ ಕೈ ಸಾಲದೆ ಆದದ್ದು.

ಇನ್ನು ಅಪ್ಪನ ಇನ್ನೂರು ಪುಟ. ಹಳೆಯ ನುಡಿ, ಬರಹಗಳ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಮಾಡಿದವು. ಆ ಅಕ್ಷರಗಳು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಇಂಗ್ಲಿಷಿನ ಕಲಸುಮೇಲೋಗರ. ಮೊದಲ ದಿನ ಅದನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ಕಡತ ಕೆಟ್ಟಿರಲಿಲ್ಲ, ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಕನ್ನಡದ ಉತ್ಸಾಹಿಗಳು ಮಾಡಿಟ್ಟಿದ್ದಾರೆ. ಪರಿವರ್ತನೆಯಾದ ಮೇಲೂ ಅಲ್ಲಲ್ಲಿ ಒತ್ತಕ್ಷರ ತಪ್ಪಿರುತ್ತದೆ, ಕೂತು ತಿದ್ದಬೇಕು.

ಚರಿತ್ರೆ ಕಲಿಸಿದ್ದು

ಈ ಸಲ ನಾವು ಅವಸರಪಡಲಿಲ್ಲ. ಮೂರು ಪ್ರಶ್ನೆ ಕೇಳಿದೆವು. ನೋಡಿಕೊಳ್ಳುವವರು ಯಾರು? ಎಲ್ಲಿಯವರೆಗೆ ಎಂದು ತಾರೀಕು ಹೇಳಿದ್ದಾರೆಯೇ? ಅವರು ಬಿಟ್ಟರೆ ಹಿಡಿಯುವವರು ಯಾರು? 2024ರ ಜುಲೈನಲ್ಲಿ ಬಂದ ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ದುರಸ್ತಿಯ ಮಾತಿದೆ. ಅದರ ಹಿಂದೆ ಉಬುಂಟು, ಅದರ ಹಿಂದೆ ಡೆಬಿಯನ್. ಅದನ್ನೇ ಹಾಕಿದೆವು. ಬೇರೆಯವರ ಅಗತ್ಯ ಬೇರೆ ಇದ್ದೀತು. ಪ್ರಶ್ನೆಗಳು ಮಾತ್ರ ಇವೇ. ಯಂತ್ರ ತೀರ ಹಳೆಯದು, 32 ಬಿಟ್ಟಿನದಾದರೆ ಇನ್ನೊಂದನ್ನೂ ವಿಚಾರಿಸಬೇಕು; ಡೆಬಿಯನ್ ಕೂಡ 13ನೆಯ ಆವೃತ್ತಿಯಿಂದ ಅಂಥ ಯಂತ್ರಗಳಿಗೆ ಸ್ಥಾಪಕವನ್ನು ಕೊಡುತ್ತಿಲ್ಲ.

ಇಳಿಸಿಕೊಂಡ ಪ್ರತಿ ಅಸಲಿಯೇ ಎಂದು ಅದರ ಮೊತ್ತಸಂಖ್ಯೆಯನ್ನು ತಾಳೆ ನೋಡಿದೆವು. 2016ರ ಫೆಬ್ರವರಿ 20ರಂದು ಕಳ್ಳರು ಮಿಂಟಿನ ತಾಣಕ್ಕೇ ನುಗ್ಗಿ ಕಲಬೆರಕೆಯ ಪ್ರತಿಯತ್ತ ಜನರನ್ನು ತಿರುಗಿಸಿದ್ದುಂಟು. ಹಾಕುವ ಮೊದಲು ಪೆನ್ ಡ್ರೈವಿನಿಂದಲೇ ನಡೆಸಿ, ಧ್ವನಿ, ವೈಫೈ, ಪ್ರಿಂಟರು ಎಲ್ಲವನ್ನೂ ನೋಡಿದೆವು. ತಂತ್ರಾಂಶ ಬೇಕಾದರೆ ಉಗ್ರಾಣದಿಂದಲೇ ತರುವುದೆಂದು ನಿಯಮ ಮಾಡಿಕೊಂಡೆವು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ದುರಸ್ತಿಗಳನ್ನು ತೆಗೆದುಕೊಳ್ಳುತ್ತೇವೆ. ಅದಕ್ಕೆ ಮೊದಲು ‘ಟೈಮ್‌ಶಿಫ್ಟ್’ನಿಂದ ವ್ಯವಸ್ಥೆಯ ಒಂದು ಪ್ರತಿ. ಎಚ್ಚರ! ಅದು ವ್ಯವಸ್ಥೆಯನ್ನು ಉಳಿಸುತ್ತದೆಯೇ ಹೊರತು, ನಾವಾಗಿ ಹೇಳದಿದ್ದರೆ, ನಮ್ಮ ಕಾಗದಪತ್ರಗಳನ್ನಲ್ಲ. ಅವುಗಳ ನಕಲು ಬೇರೆ ಡಿಸ್ಕಿನಲ್ಲಿ ಒಂದು, ಪುಣೆಯ ತಂಗಿಯ ಮನೆಯಲ್ಲಿ ಒಂದು.

ಕೊನೆಗೆ ಸದಸ್ಯರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಹಳೆಯ ಯಂತ್ರದಲ್ಲಿ, ಸಿ.ಡಿ.ಯಲ್ಲಿ, ಹಿರಿಯರು ಬರೆದಿಟ್ಟ ಕನ್ನಡ ಇದ್ದೀತು. ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ. ಕಲಸುಮೇಲೋಗರ ಕಂಡರೆ ಅಳಿಸಬೇಡಿ, ಅದು ಕನ್ನಡವೇ ಆಗಿರಬಹುದು. ನಿಮ್ಮ ಮನೆಯ ತರುಣರಿಗೆ ಬಿಡುವಿದ್ದರೆ ಈ ವಿತರಣೆಗಳ ಕನ್ನಡ ಅನುವಾದಕ್ಕೆ ವಾರಕ್ಕೆ ಹತ್ತು ವಾಕ್ಯ ಕೊಡಲು ಹೇಳಿ. ಸಭಾಂಗಣದ ಬೀಗ ತೆಗೆದು ಕುರ್ಚಿ ಹಾಕುವವರು ನಾಲ್ವರಿದ್ದರೆ ಸಂಘ ನಡೆಯುತ್ತದೆಂಬುದು ನಮಗೆ ಹೊಸ ಮಾತಲ್ಲ.

ನಾನೂ ನನ್ನವಳೂ ದಿನಕ್ಕೆರಡು ಪುಟದಂತೆ ಅಪ್ಪನ ಬರಹವನ್ನು ತಿದ್ದುತ್ತಿದ್ದೇವೆ. ಕಳೆದ ವಾರ ಜಾತ್ರೆಯ ಭಾಗ ಮುಗಿಯಿತು. ಶಾಲೆಯ ಭಾಗ ಇನ್ನೂ ಇದೆ.